ವಂಕಿ, ಲೂಪು ಮತ್ತು ಒಂದು 'ಗಾಳಿಸುದ್ದಿ'

ಕನ್ನಡದಲ್ಲಿ ವಂಕಿ ಅನ್ನೋ ಮಾತಿಗೆ ಎರಡು ಅರ್ಥ ಇದೆ. ಒಂದು, ಮದುವೆ ಹೆಣ್ಣು ತೋಳಿಗೆ ಹಾಕ್ಕೊಳ್ಳೋ ಬಂಗಾರದ ಒಡವೆ. ಇನ್ನೊಂದು, ಮಗು ಬೇಡ ಅಂತ ಸರ್ಕಾರಿ ಆಸ್ಪತ್ರೆಯಲ್ಲಿ ಹಾಕೋ ಪುಟ್ಟ ಸಾಧನ, ಕಾಪರ್ ಟಿ. ಯಾವ ಪುಣ್ಯಾತ್ಮ ಈ ಹೆಸರಿಟ್ಟನೋ, ಚೆನ್ನಾಗಿಯೇ ಇಟ್ಟಿದ್ದಾನೆ. ಒಂದು ಎಲ್ಲರಿಗೂ ಕಾಣಲಿ ಅಂತ ಹಾಕ್ಕೊಳ್ಳೋದು, ಇನ್ನೊಂದು ಯಾರಿಗೂ ಕಾಣದ ಹಾಗೆ ಹಾಕಿಸ್ಕೊಳ್ಳೋದು :)

ನಮ್ಮ ಕೊಂಡಜ್ಜಿ ಕಡೆ ಹಳೇ ತಲೆಮಾರಿನ ಹೆಂಗಸರು ಇದನ್ನ ವಂಕಿ ಅನ್ನಲ್ಲ, 'ಲೂಪು' ಅಂತಾರೆ. ಕಾಪರ್ ಟಿ ಬಂದು ದಶಕಗಳೇ ಕಳೆದರೂ ಅವರ ಬಾಯಲ್ಲಿ ಲೂಪೇ. ಲೂಪಿನ ಮಾತು ಬಂದರೆ ಹಿಂದೆಯೇ ಈ ಮಾತೂ ಬರುತ್ತೆ: "ಯಕ್ಕಾ, ಬ್ಯಾಡ ಬಿಡು, ಅದು ಮ್ಯಾಲೇರಿ ಎದಿಗೆ ಹೋಗ್ತತಂತೆ." ಕರ್ನಾಟಕದ ಯಾವ ಮೂಲೆಯವರಾದರೂ ನೀವೂ ಇಂಥದ್ದೊಂದನ್ನ ಕೇಳಿರ್ತೀರಿ. ಹೊಟ್ಟೆಗೆ ಹೋಗುತ್ತೆ, ಕರುಳಿಗೆ ಸುತ್ತಿಕೊಳ್ಳುತ್ತೆ, ಗಂಡನಿಗೆ ಶಾಕ್ ಹೊಡೆಯುತ್ತೆ... ಹೀಗೆ. ಕುಟುಂಬ ಯೋಜನೆಯ ಬಗ್ಗೆ ಬಂದ ಪುಸ್ತಕಗಳಲ್ಲಿ ಇವಕ್ಕೆಲ್ಲ ಒಂದೇ ಹೆಸರು: ಗಾಳಿಸುದ್ದಿ, ಮೂಢನಂಬಿಕೆ.

ಈ ಬರಹ ಆ ಗಾಳಿಸುದ್ದಿಯ ಬಗ್ಗೆ. ಅದರಲ್ಲಿ ಎಷ್ಟು ಸುಳ್ಳು, ಎಷ್ಟು ನಿಜ, ಮತ್ತೆ ಆ ನಿಜವನ್ನ ಹೇಳದೇ ಹೋದದ್ದರಿಂದ ಏನಾಯ್ತು ಅನ್ನೋದರ ಬಗ್ಗೆ. ಸ್ವಲ್ಪ ಉದ್ದ ಇದೆ, ಬಿಡುವಾಗಿ ಓದಿ.

ಮೊದಲು ಮೈಸೂರು

ನಮ್ಮ ದಾವಣಗೆರೆ, ಹರಿಹರ ಎಲ್ಲ ಆಗ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆ (ದಾವಣಗೆರೆ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ). 1930ರ ಜೂನ್ 11ರಂದು ಮೈಸೂರು ಸರ್ಕಾರ ಒಂದು ಆದೇಶ ಹೊರಡಿಸಿ, ಸರ್ಕಾರಿ ಆಸ್ಪತ್ರೆಗಳಲ್ಲೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯೋಕೆ ಒಪ್ಪಿಗೆ ಕೊಡ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ಮಿರ್ಜಾ ಇಸ್ಮಾಯಿಲ್ ದಿವಾನರು. ಪ್ರಪಂಚದಲ್ಲೇ ಸರ್ಕಾರ ನಡೆಸಿದ ಮೊದಲ ಇಂಥ ಕ್ಲಿನಿಕ್‌ಗಳು ಇವು ಅಂತ ಸಾಮಾನ್ಯವಾಗಿ ಹೇಳ್ತಾರೆ. ಅಮೆರಿಕದಲ್ಲಿ ಮಾರ್ಗರೆಟ್ ಸ್ಯಾಂಗರ್ ಇದೇ ವಿಷಯಕ್ಕೆ ಜೈಲಿಗೆ ಹೋಗಿ ಬಂದಿದ್ದರು. ಅವರು ಭಾರತಕ್ಕೆ ಬಂದು ವಾರ್ಧಾದಲ್ಲಿ ಗಾಂಧೀಜಿ ಜೊತೆ ವಾದ ಮಾಡಿದ್ದು 1935ರ ಡಿಸೆಂಬರಿನಲ್ಲಿ. ಅಂದರೆ ನಮ್ಮ ರಾಜ್ಯ ಐದು ವರ್ಷ ಮುಂದಿತ್ತು!

ಸ್ವಾತಂತ್ರ್ಯ ಬಂದ ಮೇಲೂ ಪ್ರಯೋಗ ನಡೆದದ್ದು ನಮ್ಮಲ್ಲೇ. ಆಗಿನ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಅವರಿಗೆ ಸಾಧನ, ಔಷಧಿ ಇದ್ಯಾವುದೂ ಇಷ್ಟ ಇರಲಿಲ್ಲ. ದಿನ ಎಣಿಸಿ ದೂರ ಇರೋ ಪದ್ಧತಿ ಸಾಕು ಅಂತ ಅವರ ವಾದ. ವಿಶ್ವ ಆರೋಗ್ಯ ಸಂಸ್ಥೆ ಕಳಿಸಿಕೊಟ್ಟ ಡಾ. ಅಬ್ರಹಾಂ ಸ್ಟೋನ್ ಸಲಹೆಯಂತೆ 1952ರಿಂದ ಆ ಪದ್ಧತಿಯನ್ನ ಪರೀಕ್ಷೆ ಮಾಡಿದ ಎರಡು ಜಾಗಗಳಲ್ಲಿ ಒಂದು ದೆಹಲಿಯ ಲೋಧಿ ಕಾಲೋನಿ, ಇನ್ನೊಂದು ನಮ್ಮ ರಾಮನಗರ. ಹೆಂಗಸರಿಗೆ ಬಣ್ಣಬಣ್ಣದ ಮಣಿಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು, ಮಣಿಯ ಬಣ್ಣ ನೋಡಿ ಆವತ್ತು ಸೇರಬಹುದೋ ಬೇಡವೋ ತಿಳ್ಕೋಬೇಕು. ಲೆಕ್ಕ ಸರಿ ಇತ್ತು, ಸಂಸಾರದಲ್ಲಿ ಅದು ನಡೀಲಿಲ್ಲ. ಮಣಿಸರ ಸೋತ ಮೇಲೆ ಸರ್ಕಾರಕ್ಕೆ ಬೇಕಾಗಿದ್ದು ಒಂದು ಸಲ ಹಾಕಿ ಮರೆತುಬಿಡಬಹುದಾದ ಸಾಧನ.

ಈ 'ಮರೆತುಬಿಡಬಹುದಾದ' ಅನ್ನೋ ಮಾತನ್ನ ನೆನಪಲ್ಲಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತೆ.

ರೇಷ್ಮೆಯಿಂದ ಪ್ಲಾಸ್ಟಿಕ್‌ಗೆ

ಗರ್ಭಕೋಶದೊಳಗೆ ಏನಾದರೂ ಇಟ್ಟರೆ ಬಸಿರು ನಿಲ್ಲಲ್ಲ ಅನ್ನೋ ವಿಚಾರ 1909ರಲ್ಲೇ ಅಚ್ಚಾಗಿತ್ತು. ರಿಚರ್ಡ್ ರಿಕ್ಟರ್ ಅನ್ನೋ ಜರ್ಮನ್ ವೈದ್ಯ ರೇಷ್ಮೆ ಹುಳುವಿನ ಗ್ರಂಥಿಯಿಂದ ಎಳೆದು ಮಾಡಿದ ಗಟ್ಟಿ ದಾರದ ಉಂಗುರ ಬಳಸಿದ್ದ. ಆಮೇಲೆ ಬರ್ಲಿನ್ನಿನ ಅರ್ನ್ಸ್ಟ್ ಗ್ರಾಫೆನ್‌ಬರ್ಗ್ ಬೆಳ್ಳಿ ತಂತಿಯ ಉಂಗುರ ಮಾಡಿದ. ಮಜಾ ಏನಂದರೆ ಆ ಬೆಳ್ಳಿಯಲ್ಲಿ ಕಾಲುಭಾಗಕ್ಕೂ ಸ್ವಲ್ಪ ಹೆಚ್ಚು ತಾಮ್ರ ಬೆರೆತಿತ್ತು ಅಂತ ಎಷ್ಟೋ ವರ್ಷ ಆದ ಮೇಲೆ ಗೊತ್ತಾಯ್ತು. ಗುಟ್ಟು ತಾಮ್ರದಲ್ಲಿದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. 1934ರಲ್ಲಿ ಜಪಾನಿನ ತೆನ್ರೈ ಓತಾ ಇನ್ನೊಂದು ಉಂಗುರ ತಂದ. ಆದರೆ ಸೋಂಕಿನ ಭಯದಿಂದ ವೈದ್ಯಲೋಕ ಇವನ್ನೆಲ್ಲ ದೂರ ಇಟ್ಟಿತು. ಪೆನ್ಸಿಲಿನ್ ಇಲ್ಲದ ಕಾಲದಲ್ಲಿ ಆ ಭಯ ಸುಮ್ಮನೆ ಹುಟ್ಟಿದ್ದಲ್ಲ.

ಎರಡನೇ ಮಹಾಯುದ್ಧ ಆದ ಮೇಲೆ ಆಂಟಿಬಯಾಟಿಕ್ ಬಂತು, ಪ್ಲಾಸ್ಟಿಕ್ಕೂ ಬಂತು. ಅಮೆರಿಕದ ಬಫೆಲೋ ಊರಿನ ಜಾಕ್ ಲಿಪ್ಪಿಸ್ ಅನ್ನೋ ವೈದ್ಯ ಪಾಲಿಥಿಲೀನ್‌ನಿಂದ ಹಾವಿನ ಹಾಗೆ ಎರಡು ಸಲ ಬಳುಕಿದ ಒಂದು ಆಕಾರ ಮಾಡಿದರು. ತೆಳು ಕೊಳವೆಯೊಳಗೆ ಎಳೆದರೆ ನೆಟ್ಟಗಾಗುತ್ತೆ, ಗರ್ಭಕೋಶದಲ್ಲಿ ಬಿಟ್ಟರೆ ಮತ್ತೆ ತನ್ನ ಆಕಾರಕ್ಕೆ ಬರುತ್ತೆ. ಎಕ್ಸ್‌ರೇಯಲ್ಲಿ ಕಾಣಲಿ ಅಂತ ಪ್ಲಾಸ್ಟಿಕ್ಕಿಗೆ ಬೇರಿಯಂ ಬೆರೆಸಿದ್ದರು. ತುದಿಗೆ ನೈಲಾನ್ ದಾರ. ದಾರ ಬೆರಳಿಗೆ ಸಿಕ್ಕರೆ ಲೂಪು ಜಾಗದಲ್ಲಿದೆ ಅಂತ ಲೆಕ್ಕ. 1962ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಸಮ್ಮೇಳನದಲ್ಲಿ ಇದು ಎಲ್ಲರ ಕಣ್ಣಿಗೆ ಬಿತ್ತು. ಅಗ್ಗ, ಮಾಡೋದು ಸುಲಭ, ವರ್ಷಗಟ್ಟಲೆ ಇರುತ್ತೆ. ಜನಸಂಖ್ಯೆ ಅಂದರೆ ಬೆಚ್ಚಿಬೀಳ್ತಿದ್ದ ದೆಹಲಿಗೆ ಇನ್ನೇನು ಬೇಕು?

1965

1965ರಲ್ಲಿ ಭಾರತ ಸರ್ಕಾರ ಲೂಪನ್ನ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಕಾನ್ಪುರದಲ್ಲಿ ಲೂಪಿನ ಕಾರ್ಖಾನೆಯೇ ಬಂತು. ಮೊದಲ ವರ್ಷ (1965-66) ದೇಶದಲ್ಲಿ ಸುಮಾರು 8 ಲಕ್ಷ ಹೆಂಗಸರಿಗೆ ಹಾಕಿದರು. ಮರುವರ್ಷ ಸುಮಾರು 9 ಲಕ್ಷ. ಎಲ್ಲರಿಗೂ ಖುಷಿಯೋ ಖುಷಿ. ಆಮೇಲೆ? 1967-68ರಲ್ಲಿ 6.7 ಲಕ್ಷ, 1968-69ರಲ್ಲಿ 4.8 ಲಕ್ಷದ ಆಸುಪಾಸು. ಎರಡೇ ವರ್ಷದಲ್ಲಿ ಹೆಚ್ಚೂಕಮ್ಮಿ ಅರ್ಧ!

ಯಾಕೆ ಬಿತ್ತು ಅನ್ನೋದಕ್ಕೆ ಅಧಿಕಾರಿಗಳು ಕೊಟ್ಟ ಮುಖ್ಯ ಉತ್ತರಗಳಲ್ಲಿ ಒಂದು ಗಾಳಿಸುದ್ದಿ. ಆದರೆ ಅದೇ ಕಾಲದ ಸಮೀಕ್ಷೆಗಳು ಬೇರೆ ಮಾತನ್ನೂ ಹೇಳ್ತವೆ. ಹಾಕಿಸಿಕೊಂಡವರಿಗೆ ಮುಟ್ಟಿನ ರಕ್ತ ಹೆಚ್ಚು ಹೋಗ್ತಿತ್ತು, ಸೊಂಟನೋವು ಬರ್ತಿತ್ತು, ಎಷ್ಟೋ ಜನಕ್ಕೆ ತಾನಾಗಿ ಜಾರಿ ಬೀಳ್ತಿತ್ತು. ಮೊದಲೇ ರಕ್ತಹೀನತೆ ಇರೋ, ಹೊಲದಲ್ಲಿ ಬಗ್ಗಿ ಕಳೆ ಕೀಳೋ ಹೆಂಗಸಿಗೆ ತಿಂಗಳಿಗೆ ಎಂಟು ಹತ್ತು ದಿನ ರಕ್ತ ಹೋದರೆ ಅದು ಸಣ್ಣ ತೊಂದರೆ ಅಲ್ಲ. ಮುಟ್ಟು ಅಂದರೆ ಅಡುಗೆಮನೆ, ದೇವರಮನೆ, ಗಂಡ ಎಲ್ಲದರಿಂದ ದೂರ ಇರಬೇಕಾದ ಮನೆಗಳಲ್ಲಂತೂ ಅದು ಇಡೀ ಮನೆಗೇ ಗೊತ್ತಾಗೋ ತೊಂದರೆ.

ಇನ್ನೊಂದು ಸಂಗತಿ. ದಾವಣಗೆರೆಯಲ್ಲಿ ಜೆ.ಜೆ.ಎಂ. ಮೆಡಿಕಲ್ ಕಾಲೇಜು ಶುರುವಾಗಿದ್ದೂ ಅದೇ 1965ರಲ್ಲಿ. ಅಂದರೆ ಅಲ್ಲಿ ಓದಿದ ಮೊದಲ ಬ್ಯಾಚಿನ ಡಾಕ್ಟರುಗಳು ಹೊರಗೆ ಬರೋಕೆ ಇನ್ನೂ ಐದಾರು ವರ್ಷ ಬೇಕಿತ್ತು. ಅಷ್ಟರಲ್ಲಿ ಲೂಪಿನ ಅಬ್ಬರ ಇಳಿದೇ ಹೋಗಿತ್ತು. ಲೂಪು ಬಂದದ್ದು ಡಾಕ್ಟರುಗಳಿಗಿಂತ ಮೊದಲು! ಅದರಲ್ಲೂ ಹೆಂಗಸರು ನಾಚಿಕೆ ಇಲ್ಲದೆ ತೋರಿಸಿಕೊಳ್ಳಬಹುದಾದ ಲೇಡಿ ಡಾಕ್ಟರ್ ಅಂದರೆ ಹಳ್ಳಿಗಳಿಗೆ ಅಪರೂಪದ ಮಾತು. ಹಾಗಾಗಿ ಕ್ಯಾಂಪು. ನಮ್ಮ ಕಡೆ ಕ್ಯಾಂಪ್ ಅಂದ ಕೂಡಲೇ ಕೊಂಡಜ್ಜಿ ಕೆರೆ ಹತ್ತಿರದ ಸ್ಕೌಟ್ ಕ್ಯಾಂಪ್ ನೆನಪಾಗುತ್ತೆ, ಕೊಂಡಜ್ಜಿ ಬಸಪ್ಪನವರ ಹೆಸರಿನ ಜೊತೆ ಸೇರಿಕೊಂಡಿರೋದು. ಹಳೇ ಹೆಂಗಸರಿಗೆ ಇನ್ನೊಂದು ಕ್ಯಾಂಪು ನೆನಪಾಗುತ್ತೆ. ಜೀಪು ಬರುತ್ತೆ, ಟೇಬಲ್ ಹಾಕ್ತಾರೆ, ಸಾಲಾಗಿ ಕೆಲಸ ಮುಗಿಸ್ತಾರೆ, ಸಂಜೆಗೆ ಜೀಪು ಹೋಗುತ್ತೆ. ಮಾರನೇ ದಿನ ನೋವು ಬಂದರೆ ಯಾರನ್ನ ಕೇಳೋದು?

ಮೇಲಿಂದ ದುಡ್ಡಿನ ಲೆಕ್ಕ. 1966ರಿಂದ ಕೇಂದ್ರ ಸರ್ಕಾರ ರಾಜ್ಯಗಳಿಗೆ ಒಂದು ಲೂಪಿಗೆ 11 ರೂಪಾಯಿ, ಗಂಡಸರ ಆಪರೇಷನ್ನಿಗೆ 30, ಹೆಂಗಸರದ್ದಕ್ಕೆ 40 ರೂಪಾಯಿ ಅಂತ ಕೊಡೋಕೆ ಶುರು ಮಾಡ್ತು. ಎಷ್ಟು ಹಾಕಿದ್ರಿ ಅನ್ನೋದಕ್ಕೆ ದುಡ್ಡು, ಟಾರ್ಗೆಟ್ಟು, ರಿಜಿಸ್ಟರು ಎಲ್ಲ ಇತ್ತು. ಹಾಕಿಸಿಕೊಂಡವಳು ಆಮೇಲೆ ಹೇಗಿದ್ದಾಳೆ ಅಂತ ನೋಡೋದಕ್ಕೆ ಅಷ್ಟು ಉತ್ಸಾಹ ಇರಲಿಲ್ಲ.

'ಮೇಲೇರುತ್ತೆ' ಅನ್ನೋ ಮಾತು

ಈಗ ಆ ಗಾಳಿಸುದ್ದಿಗೆ ಬರೋಣ.

ಲೂಪು ಎದೆಗೆ ಹೋಗುತ್ತಾ? ಇಲ್ಲ. ಗರ್ಭಕೋಶದಿಂದ ಹೃದಯಕ್ಕೆ ಅದು ಹೋಗೋ ಅಂಥ ದಾರಿ ಇಲ್ಲ. ಗಂಡನಿಗೆ ಶಾಕ್? ಅದೂ ಸುಳ್ಳು. ಆದರೆ ಗರ್ಭಕೋಶ ಬಿಟ್ಟು ಹೊಟ್ಟೆಯೊಳಗೆ ಹೋಗುತ್ತಾ ಅಂದರೆ... ಹೌದು, ಹೋಗುತ್ತೆ. ಬಲು ಅಪರೂಪಕ್ಕೆ, ಆದರೆ ಹೋಗುತ್ತೆ.

ಹಾಕುವಾಗ ಕೊಳವೆಯೋ ಸಾಧನವೋ ಗರ್ಭಕೋಶದ ಗೋಡೆಯನ್ನ ಚುಚ್ಚಿಬಿಡಬಹುದು. ಕೆಲವು ಸಲ ಆವಾಗಲೇ ಪೂರ್ತಿ ಆಚೆ ಹೋಗುತ್ತೆ, ಕೆಲವು ಸಲ ಅರ್ಧ ಸಿಕ್ಕಿಕೊಂಡು ನಿಧಾನವಾಗಿ ದಾಟುತ್ತೆ. ಸಾವಿರ ಸಲ ಹಾಕಿದರೆ ಒಂದೋ ಎರಡೋ ಸಲ ಹೀಗಾಗುತ್ತೆ ಅನ್ನೋದು ವೈದ್ಯರು ಒಪ್ಪೋ ಲೆಕ್ಕ. ಯುರೋಪಿನ ಆರು ದೇಶಗಳ 61 ಸಾವಿರಕ್ಕೂ ಹೆಚ್ಚು ಹೆಂಗಸರನ್ನ ನೋಡಿ 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲೂ ಸುಮಾರು ಅಷ್ಟೇ ಬಂತು. ಅದರಲ್ಲಿ ಇನ್ನೊಂದು ಮುಖ್ಯ ವಿಷಯ ಇತ್ತು: ಮಗುವಿಗೆ ಹಾಲು ಕುಡಿಸ್ತಿರೋ ಹೆಂಗಸಿಗೆ ಹಾಕಿದರೆ ಈ ಅಪಾಯ ಸುಮಾರು ಆರು ಪಟ್ಟು. ಆದರೂ ಸಾವಿರಕ್ಕೆ ಐದಾರು ಅಷ್ಟೇ. ಆದರೆ ಯೋಚನೆ ಮಾಡಿ, ನಮ್ಮಲ್ಲಿ ಯಾರಿಗೆ ಹಾಕ್ತಿದ್ದರು? ಕಂಕುಳಲ್ಲಿ ಕೂಸು ಇರೋ ತಾಯಂದಿರಿಗೇ ತಾನೇ.

ಇಲ್ಲೊಂದು ಸಣ್ಣ ಲೆಕ್ಕ ಹಾಕಿ ನೋಡಿದೆ. ಇದು ಸರ್ಕಾರದ ಅಂಕಿ ಅಲ್ಲ, ಬರೀ ಗುಣಾಕಾರ. ಮೊದಲ ಎರಡು ವರ್ಷದ 17 ಲಕ್ಷದಲ್ಲಿ ಸಾವಿರಕ್ಕೆ ಒಂದು ಅಂದರೂ 1,700 ಹೆಂಗಸರು. ದೆಹಲಿಯ ಮೇಜಿನ ಮೇಲೆ ಅದು ಸೊನ್ನೆ ಪಾಯಿಂಟ್ ಒಂದು ಪರ್ಸೆಂಟ್. ಆದರೆ ಆ 1,700 ಜನಕ್ಕೂ ಒಂದೊಂದು ಊರಿದೆ, ಊರಿಗೊಂದು ಬಾವಿಕಟ್ಟೆ ಇದೆ, ಹರಿಹರದ ಸಂತೆಯಂಥ ಒಂದು ಸಂತೆ ಇದೆ. ಒಬ್ಬಳಿಗೆ ಆದದ್ದು ಹತ್ತು ಊರಿಗೆ ಗೊತ್ತಾಗುತ್ತೆ. ಹೋಗ್ತಾ ಹೋಗ್ತಾ 'ಹೊಟ್ಟೆಗೆ ಹೋಯ್ತು' ಅನ್ನೋದು 'ಎದೆಗೆ ಹೋಯ್ತು' ಆಗುತ್ತೆ. ಸುದ್ದಿ ಬೆಳೆದದ್ದು ಸುಳ್ಳು, ಅದರ ಬೀಜ ಸುಳ್ಳಲ್ಲ.

ಹೊಟ್ಟೆಗೆ ಹೋದ ಸಾಧನ ಏನು ಮಾಡುತ್ತೆ? ಕೆಲವರಿಗೆ ಏನೂ ಆಗಲ್ಲ. ಚುಚ್ಚಿದಾಗ ನೋವೂ ಬಾರದೆ ಇರಬಹುದು. ದಾರ ಸಿಗಲ್ಲ, ಬಿದ್ದುಹೋಗಿರಬೇಕು ಅಂದುಕೊಳ್ತಾರೆ, ಸ್ವಲ್ಪ ದಿನಕ್ಕೆ ಬಸಿರಾದಾಗ ಗೊತ್ತಾಗುತ್ತೆ. ಬಹಳ ಸಲ ಅದು ಕರುಳನ್ನ ಮುಚ್ಚಿರೋ ಕೊಬ್ಬಿನ ಪದರದಲ್ಲಿ ಸಿಕ್ಕಿಕೊಂಡಿರುತ್ತೆ. ಅಪರೂಪದಲ್ಲಿ ಅಪರೂಪಕ್ಕೆ ದೊಡ್ಡ ಕರುಳನ್ನ ಕೊರೆಯುತ್ತೆ, ಅಪೆಂಡಿಕ್ಸಿಗೆ ಅಂಟಿಕೊಳ್ಳುತ್ತೆ. ಮೂತ್ರಕೋಶದೊಳಗೆ ಹೋದರೆ ಅದರ ಸುತ್ತ ಮೂತ್ರದ ಉಪ್ಪು ಕಟ್ಟಿ ಕಲ್ಲಾಗುತ್ತೆ. ಮಾಮೂಲಿ ಕಲ್ಲು ಅಂತ ಎಕ್ಸ್‌ರೇ ತೆಗೆದರೆ ಕಲ್ಲಿನ ನಡುವೆ 'ಟಿ' ಆಕಾರ! ಭಾರತದ ಮೆಡಿಕಲ್ ಕಾಲೇಜುಗಳಿಂದ ಇಂಥ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ. ವರ್ಷಗಟ್ಟಲೆ ಉರಿಮೂತ್ರ ಅಂತ ಮಾತ್ರೆ ನುಂಗಿದವರ ಕಥೆ ಅದು. ಕಲ್ಲಿನ ಜೊತೆ ಸಾಧನ ತೆಗೆದ ಮೇಲೆ ವಾಸಿ.

'ಕರುಳಿಗೆ ಸುತ್ತಿಕೊಳ್ಳುತ್ತೆ' ಅನ್ನೋ ಮಾತಿಗೂ ಒಂದು ಎಳೆ ನಿಜ ಇದೆ. ಲೂಪಿನಂಥ ತೆರೆದ ಆಕಾರದ್ದಲ್ಲ, ಉಂಗುರದ ಹಾಗೆ ಮುಚ್ಚಿದ ಆಕಾರದ ಕೆಲವು ಸಾಧನಗಳು ಆಗ ಇದ್ದವು. ಅಂಥದ್ದು ಹೊಟ್ಟೆಗೆ ಹೋದರೆ ಅದರ ಕಣ್ಣಿಯೊಳಗೆ ಕರುಳು ನುಸುಳಿ ಸಿಕ್ಕಿಕೊಳ್ಳಬಹುದಿತ್ತು. ಅದಕ್ಕೇ ಆ ಆಕಾರಗಳನ್ನ ಕೈಬಿಟ್ಟರು.

ಇದನ್ನೆಲ್ಲ ಆಗ ಒಂದು ಕರಪತ್ರದಲ್ಲಿ ಹೇಳಿದ್ದರೆ? "ತಾಯಿ, ಸಾವಿರಕ್ಕೊಬ್ಬರಿಗೆ ಹೀಗಾಗುತ್ತೆ, ದಾರ ಸಿಗದಿದ್ದರೆ ಬನ್ನಿ, ಎಕ್ಸ್‌ರೇ ತೆಗೆದು ನೋಡ್ತೀವಿ" ಅಂತ? ಹಾಗೆ ಹೇಳಿದರೆ ಯಾರೂ ಬರಲ್ಲ ಅನ್ನೋ ಭಯ. ಅದರ ಬದಲು 'ಏನೂ ಆಗಲ್ಲ' ಅಂದರು. ಏನೂ ಆಗಲ್ಲ ಅಂದವರ ಮುಂದೆ ಒಬ್ಬಳಿಗೆ ಏನೋ ಆದಾಗ ಅವರ ಉಳಿದ ಮಾತೆಲ್ಲ ನೀರಿನಲ್ಲಿ ಹೋಮ.

ಡಾಲ್ಕನ್ ಶೀಲ್ಡ್

ಹಳ್ಳಿ ಹೆಂಗಸರ ಅಜ್ಞಾನ ಅಂತ ಮೂಗು ಮುರಿಯೋರಿಗೆ ಅಮೆರಿಕದ ಈ ಕಥೆ ಹೇಳಬೇಕು. 1971ರಲ್ಲಿ ಎ.ಎಚ್. ರಾಬಿನ್ಸ್ ಕಂಪನಿ 'ಡಾಲ್ಕನ್ ಶೀಲ್ಡ್' ಅನ್ನೋ ಸಾಧನವನ್ನ ಭರ್ಜರಿ ಜಾಹೀರಾತಿನೊಂದಿಗೆ ಮಾರುಕಟ್ಟೆಗೆ ಬಿಟ್ಟಿತು. ಅಮೆರಿಕದಲ್ಲೇ 20 ಲಕ್ಷಕ್ಕೂ ಹೆಚ್ಚು ಹೆಂಗಸರು ಹಾಕಿಸಿಕೊಂಡರು. ಅದರ ದಾರ ಒಂಟಿ ಎಳೆಯದ್ದಲ್ಲ, ನೂರಾರು ಸಣ್ಣ ಎಳೆಗಳನ್ನ ಸೇರಿಸಿ ಮೇಲೊಂದು ಹೊದಿಕೆ ಹಾಕಿದ್ದು. ದೀಪದ ಬತ್ತಿ ಎಣ್ಣೆ ಏರಿಸಿಕೊಳ್ಳೋ ಹಾಗೆ ಅದು ಕೆಳಗಿನ ರೋಗಾಣುಗಳನ್ನ ಗರ್ಭಕೋಶದೊಳಕ್ಕೆ ಏರಿಸಿಕೊಳ್ತಿತ್ತು. ಸಾಧನ ಇದ್ದೂ ಬಸಿರಾದವರಲ್ಲಿ ಗರ್ಭಕ್ಕೇ ಸೋಂಕು ತಗುಲಿ ಕೆಲವರು ಸತ್ತರು. ಎಷ್ಟೋ ಜನ ಬಂಜೆಯರಾದರು. 1974ರಲ್ಲಿ ಮಾರಾಟ ನಿಂತಿತು, ಸಾವಿರಾರು ಕೇಸು ಬಿದ್ದವು, 1985ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

ಓದು ಬರಹ ಬಲ್ಲ, ವಕೀಲರನ್ನ ಇಟ್ಟುಕೊಳ್ಳಬಲ್ಲ ಅಮೆರಿಕದ ಹೆಂಗಸರ ಅನುಮಾನ ಕೋರ್ಟಿನಲ್ಲಿ ಸಾಕ್ಷಿ ಆಯ್ತು. ನಮ್ಮ ಹೆಂಗಸರ ಅನುಮಾನ 'ಮೂಢನಂಬಿಕೆ' ಅಂತ ವರದಿಯಲ್ಲಿ ಸೇರಿತು.

ಒಂದು ಮಾತು ಸ್ಪಷ್ಟ ಮಾಡ್ತೀನಿ. ಡಾಲ್ಕನ್ ಶೀಲ್ಡಿನ ಪಾಪ ಉಳಿದ ಸಾಧನಗಳದ್ದಲ್ಲ. ಒಂಟಿ ಎಳೆಯ ದಾರ ಇರೋವು ಹಾಗೆ ಮಾಡಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾಹಿತಿ ಆಧರಿಸಿ 1992ರಲ್ಲಿ ಬಂದ ಲೇಖನದ ಪ್ರಕಾರ ಸೋಂಕಿನ ಅಪಾಯ ಹೆಚ್ಚಿರೋದು ಹಾಕಿದ ಮೊದಲ 20 ದಿನ, ಆಮೇಲೆ ಅದು ಬಹಳ ಕಡಿಮೆ. ಅಂದರೆ ಹಾಕುವಾಗಿನ ಶುಚಿ, ಮೊದಲೇ ಸೋಂಕು ಇದೆಯಾ ಅಂತ ನೋಡೋದು, ಇದರ ಮೇಲೆಯೇ ಎಲ್ಲ ನಿಂತಿದೆ.

ಮರೆತುಹೋದ ಲೂಪು

ಆ 'ಮರೆತುಬಿಡಬಹುದಾದ' ಅನ್ನೋ ಮಾತಿಗೆ ಈಗ ಬಂದೆ. ಲಿಪ್ಪಿಸ್ ಲೂಪಿನಲ್ಲಿ ತಾಮ್ರ ಇಲ್ಲ, ಬರೀ ಪ್ಲಾಸ್ಟಿಕ್. ಹಾಗಾಗಿ ಇಂತಿಷ್ಟು ವರ್ಷಕ್ಕೆ ತೆಗೆಸಲೇಬೇಕು ಅನ್ನೋ ಗಡುವು ಇರಲಿಲ್ಲ. ಹಾಕಿದವರಿಗೆ ಹೇಳೋಕೆ ನೆನಪಿಲ್ಲ, ಹಾಕಿಸಿಕೊಂಡವಳು ಮಕ್ಕಳು, ಮೊಮ್ಮಕ್ಕಳು, ಹೊಲಮನೆ ಅಂತ ಮರೆತಳು. ಮುಟ್ಟು ನಿಂತಿತು. ಗರ್ಭಕೋಶ ಸಣ್ಣದಾಗ್ತಾ ಬಂತು, ಒಳಗಿನ ಪ್ಲಾಸ್ಟಿಕ್ ಸಣ್ಣದಾಗಲಿಲ್ಲ. ಅದರ ಮೇಲೆ ಸುಣ್ಣ ಕಟ್ಟಿತು, ಗೋಡೆಗೆ ಹೂತುಕೊಂಡಿತು, ಕೆಲವು ಸಲ ತೆಗೆಯೋವಾಗ ತುಂಡಾಯಿತು.

ಹಾಕಿಸಿಕೊಂಡು ಮೂವತ್ತು ನಲವತ್ತು ವರ್ಷ ಆದ ಮೇಲೆ, ಅರವತ್ತು ಎಪ್ಪತ್ತರ ವಯಸ್ಸಿನಲ್ಲಿ ಬಿಳಿ ಸೆರಗು, ವಾಸನೆ, ಕೆಳಹೊಟ್ಟೆ ನೋವು, ಮತ್ತೆ ರಕ್ತ ಅಂತ ಬಂದವರ ಗರ್ಭಕೋಶದಲ್ಲಿ ಕೀವು ತುಂಬಿ, ನಡುವೆ ಲೂಪು ಸಿಕ್ಕ ವರದಿಗಳಿವೆ. ತುಂಬಾ ವರ್ಷ ಉಳಿದ ಸಾಧನಗಳ ಸುತ್ತ ಆಕ್ಟಿನೋಮೈಸಿಸ್ ಅನ್ನೋ ಒಂದು ಬಗೆಯ ಬ್ಯಾಕ್ಟೀರಿಯಾ ಬೆಳೆದು, ಹೊಟ್ಟೆಯಲ್ಲಿ ಗಡ್ಡೆಯಂತಾಗಿ, ಕ್ಯಾನ್ಸರ್ ಅಂತ ಹೆದರಿ ಹೊಟ್ಟೆ ಕೊಯ್ದು ನೋಡಿದರೆ ಕ್ಯಾನ್ಸರ್ ಅಲ್ಲ ಅಂತ ತಿಳಿದದ್ದೂ ಇದೆ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಕಾರಣ ಏನೇ ಇರಲಿ, ತಡ ಮಾಡದೆ ತೋರಿಸಬೇಕು ಅನ್ನೋದು ಬೇರೆ ಮಾತು. ಅಜ್ಜಿಯಂದಿರು ನಾಚಿಕೆಯಿಂದ ಹೇಳಲ್ಲ. ನಾವೂ ಕೇಳಲ್ಲ.

ಇತಿಹಾಸ ಅಂದರೆ ತಾಮ್ರಪಟ, ವೀರಗಲ್ಲು, ಹರಿಹರೇಶ್ವರ ಗುಡಿಯ ಶಾಸನ ಅಂತ ಹುಡುಕಿಕೊಂಡು ಹೋಗ್ತೀವಿ. 1965ರ ಸರ್ಕಾರಿ ಆದೇಶವೊಂದು ಎಷ್ಟೋ ಹೆಂಗಸರ ಮೈಯೊಳಗೇ ದಶಕಗಟ್ಟಲೆ ಕೂತಿತ್ತು. ಅದನ್ನ ಓದೋಕೆ ಎಕ್ಸ್‌ರೇ ಬೇಕಾಯ್ತು ಅಷ್ಟೇ.

ಆಮೇಲೆ...

ಲೂಪು ಬಿದ್ದ ಮೇಲೆ ಸರ್ಕಾರ ಆಪರೇಷನ್ ಕಡೆ ತಿರುಗಿತು. 1976-77ರ ತುರ್ತು ಪರಿಸ್ಥಿತಿಯ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಚಿಕಿತ್ಸೆ ನಡೆದವು, ಹೆಚ್ಚಿನವು ಗಂಡಸರಿಗೆ. ಅದರ ಸಿಟ್ಟಿಗೆ ಸರ್ಕಾರವೇ ಬಿತ್ತು, ಆಮೇಲೆ ಭಾರ ಪೂರ್ತಿ ಹೆಂಗಸರ ಮೇಲೆ ಬಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ: ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ ಸುಮಾರು 57 ಮಂದಿ ಆಪರೇಷನ್ ಮಾಡಿಸಿಕೊಂಡವರು. ವಂಕಿ ಹಾಕಿಸಿಕೊಂಡವರು ಇಡೀ ದೇಶದಲ್ಲಿ ನೂರಕ್ಕೆ ಇಬ್ಬರು. ಯಾವಾಗ ಬೇಕಾದರೂ ತೆಗೆಸಬಹುದಾದ ಸಾಧನದ ಮೇಲೆ ನಂಬಿಕೆ ಹೋಗಿದ್ದಕ್ಕೆ ತಿರುಗಿ ಬರದ ದಾರಿಯೇ ಮಾಮೂಲಿ ದಾರಿ ಆಯ್ತು. ಇದಕ್ಕೆ ಬೇರೆ ಕಾರಣಗಳೂ ಇವೆ, ಆದರೆ 1967ರ ಅಪನಂಬಿಕೆ ಅದರಲ್ಲೊಂದು ಅಂತ ನನಗನ್ನಿಸುತ್ತೆ.

ಅಷ್ಟರಲ್ಲಿ ಸಾಧನ ಬಹಳ ಸುಧಾರಿಸಿತ್ತು. ಚಿಲಿಯ ಹೈಮೆ ಜಿಪ್ಪರ್ ತಾಮ್ರದ ಗುಣ ಕಂಡುಹಿಡಿದು, ಹೋವರ್ಡ್ ಟಾಟಂ ಅವರ 'ಟಿ' ಆಕಾರಕ್ಕೆ ಅದನ್ನ ಸುತ್ತಿ ಕಾಪರ್ ಟಿ ಆಯ್ತು. ತಾಮ್ರ ವೀರ್ಯಾಣುಗಳನ್ನ ನಿಷ್ಕ್ರಿಯ ಮಾಡುತ್ತೆ, ಹಾಗಾಗಿ ಸಾಧನ ಸಣ್ಣದಿದ್ದರೂ ಸಾಕು. 2002ರಲ್ಲಿ ನಮ್ಮ ಕಾರ್ಯಕ್ರಮಕ್ಕೆ ಬಂದ ಕಾಪರ್ ಟಿ 380ಎ ಹತ್ತು ವರ್ಷ ಬಾಳಿಕೆ ಬರುತ್ತೆ, ಆಮೇಲೆ ಬಂದ 375 ಐದು ವರ್ಷ. ಹೆರಿಗೆಯಾದ 48 ಗಂಟೆಯೊಳಗೇ ಹಾಕೋ ಪದ್ಧತಿಯೂ ಇದೆ. ಅಲ್ಲಿ ಚುಚ್ಚೋದು ಅಪರೂಪ, ಜಾರಿ ಬೀಳೋದು ಸ್ವಲ್ಪ ಹೆಚ್ಚು.

ಇದನ್ನೆಲ್ಲ ಓದಿ ವಂಕಿ ಬೇಡಪ್ಪಾ ಅಂತ ಯಾರಾದರೂ ಅಂದುಕೊಂಡರೆ ನಾನು ಬರೆದದ್ದು ದಂಡ. ಸಾವಿರದಲ್ಲಿ 998 ಜನಕ್ಕೆ ಗರ್ಭಕೋಶ ತೂತಾಗೋ ಪ್ರಶ್ನೆಯೇ ಇಲ್ಲ. ಬೇಡದ ಬಸಿರು, ಮೇಲಿಂದ ಮೇಲೆ ಹೆರಿಗೆ, ಕದ್ದುಮುಚ್ಚಿ ಗರ್ಭಪಾತ ಇವುಗಳಿಂದ ಆಗೋ ಸಾವುನೋವಿನ ಮುಂದೆ ವಂಕಿ ಬಹಳ ಸುರಕ್ಷಿತ. ಗೊತ್ತಿರಬೇಕಾದದ್ದು ಇಷ್ಟೇ:

- ಯಾವ ವಂಕಿ, ಯಾವತ್ತು ಹಾಕಿದ್ದು, ಯಾವತ್ತು ತೆಗೆಸಬೇಕು ಅಂತ ಬರೆದ ಕಾರ್ಡನ್ನ ರೇಷನ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ.
- ದಾರ ಸಿಗ್ತಿಲ್ಲ ಅಂದರೆ 'ಬಿದ್ದಿರಬೇಕು' ಅಂತ ಸುಮ್ಮನಾಗಬೇಡಿ. ಸ್ಕ್ಯಾನ್ ಮಾಡಿಸಿ, ಅದರಲ್ಲಿ ಕಾಣದಿದ್ದರೆ ಹೊಟ್ಟೆಯ ಎಕ್ಸ್‌ರೇ ತೆಗೆಸಿ. ಎರಡರಲ್ಲೂ ಇಲ್ಲ ಅಂದಾಗಲೇ ಬಿದ್ದಿದೆ ಅಂತ ಅರ್ಥ.
- ಮುಟ್ಟು ತಪ್ಪಿದರೆ ಕೂಡಲೇ ತೋರಿಸಿ. ವಂಕಿ ಇದ್ದಾಗ ಬಸಿರಾಗೋದೇ ಅಪರೂಪ, ಆದರೆ ಆದರೆ ಅದು ಗರ್ಭನಾಳದಲ್ಲಿ ಕಟ್ಟಿರಬಹುದಾ ಅಂತ ಮೊದಲು ನೋಡಬೇಕು.
- ಜ್ವರ, ಕೆಳಹೊಟ್ಟೆ ನೋವು, ವಾಸನೆಯ ಸ್ರಾವ ಇದ್ದರೆ ಕಾಯಬೇಡಿ. ಮೊದಲ ಮೂರು ವಾರ ಹೆಚ್ಚು ಎಚ್ಚರ.
- ಮನೆಯಲ್ಲಿ ಅರವತ್ತೈದು ಎಪ್ಪತ್ತು ದಾಟಿದ ಅಮ್ಮ, ಅಜ್ಜಿ, ದೊಡ್ಡಮ್ಮ ಇದ್ದರೆ ಒಂದು ಸಲ ಕೇಳಿ: "ನೀನು ಆಗ ಲೂಪು ಹಾಕಿಸ್ಕಂಡಿದ್ಯಾ? ತೆಗೆಸಿದ್ಯಾ?"

ಕೊನೆಯದ್ದು ಕೇಳೋಕೆ ಕಷ್ಟ, ಗೊತ್ತು. ಗಂಡುಮಕ್ಕಳಿಗೆ ಇನ್ನೂ ಕಷ್ಟ. ಹೆಂಡತಿ ಕೈಲೋ ಅಕ್ಕನ ಕೈಲೋ ಕೇಳಿಸಿ. ಕೇಳಿದಾಗ ಅವರು ಏನಾದರೂ ಹೇಳಿದರೆ ನಗಬೇಡಿ, ಎದೆಗೆ ಹೋಗಿತ್ತು ಅಂದರೂ ಸರಿ, ಪೂರ್ತಿ ಕೇಳಿಸಿಕೊಳ್ಳಿ.

ನಿಮ್ಮ ಕಡೆ ಇದಕ್ಕೆ ಏನಂತಾರೆ? ವಂಕಿಯೋ, ಲೂಪೋ, ಬೇರೆ ಹೆಸರಿದೆಯೋ? ಏನೇನು ಸುದ್ದಿ ಹಬ್ಬಿತ್ತು? ಗೊತ್ತಿದ್ದರೆ ಬರೀರಿ. ಹೆಸರು ಬೇಡ, ಊರು ಸಾಕು.